ಒಂದು ಗೇಣು ಬಿಳಿ ಜಾಗ

ಆ ಬೀಮಿನ ನಟ್ಟನಡುವೆ ಒಂದು ಗೇಣು ಜಾಗವನ್ನು ನಾನು ಎರಡು ದಿನ ಕಾದುಕೊಂಡು ನಿಂತಿದ್ದೆ. ಯಾರು ಪೆನ್ನು ಹಿಡಿದು ಆ ಕಡೆ ಬಂದರೂ "ಅಲ್ಲಿ ಬೇಡ, ಈ ತುದೀಲಿ ಬರೀರಿ" ಎಂದು ಗದರುತ್ತಿದ್ದೆ. ಮೇಯರಮ್ಮನಿಗೂ ಹಾಗೆಯೇ ಹೇಳಿದೆ. ಪಾಪ, ಆಕೆ ನಕ್ಕು ಪಕ್ಕಕ್ಕೆ ಸರಿದು ಸಹಿ ಹಾಕಿದರು.

ಕಬ್ಬಿಣದ ಕೆಲಸದವರಾದ ನಮ್ಮಲ್ಲಿ ಅದೊಂದು ಪದ್ಧತಿ. ಕಟ್ಟಡದ ಕೊಟ್ಟಕೊನೆಯ ಬೀಮನ್ನು ಏರಿಸುವ ಮುಂಚೆ ಅದಕ್ಕೆ ಬಿಳಿ ಬಣ್ಣ ಬಳಿದು ಬೀದಿ ಬದಿಯಲ್ಲಿ ಇಡುತ್ತೇವೆ. ಊರವರು ಬಂದು ಹೆಸರು ಬರೆಯುತ್ತಾರೆ. ಆಮೇಲೆ ಒಂದು ತುದಿಗೆ ಪುಟ್ಟ ಪೈನ್ ಗಿಡ, ಇನ್ನೊಂದು ತುದಿಗೆ ಬಾವುಟ ಕಟ್ಟಿ ಕ್ರೇನಿನಲ್ಲಿ ಎತ್ತಿ ಕೂರಿಸುತ್ತೇವೆ. ಒಂದು ವಾರ ಕಳೆಯುವುದರೊಳಗೆ ಬೇರೆಯವರು ಬಂದು ಅದರ ಮೇಲೆ ಬೆಂಕಿ ತಡೆಯುವ ಬೂದು ಗಾರೆ ಸಿಂಪಡಿಸುತ್ತಾರೆ. ಹೆಸರೆಲ್ಲ ಅದರಡಿ ಹೋಯಿತು. ಕಟ್ಟಡ ಬೀಳುವವರೆಗೆ ಯಾರೂ ಅವನ್ನು ನೋಡುವುದಿಲ್ಲ. ಇದೆಲ್ಲ ಗೊತ್ತಿದ್ದೂ ಜನ ಸಾಲುಗಟ್ಟಿ ಬರುತ್ತಾರೆ. ಈ ಸಲ ಒಬ್ಬ ಹೆಂಗಸು ತನ್ನ ಸತ್ತ ನಾಯಿಯ ಹೆಸರು ಬರೆದು ಕಣ್ಣೊರೆಸಿಕೊಂಡು ಹೋದಳು.

ಒಂದು ಗೇಣು ಜಾಗ ನಾನು ಉಳಿಸಿದ್ದು ಮಿಸ್ ಓಪಲ್ ಅವರಿಗೆ.

ನಾನು ಎಮಿಲ್ ಹ್ರುಸ್ಕಾ. ಅರವತ್ತೊಂದು ವರ್ಷ, ಎರಡು ಮಂಡಿಯೂ ಸವೆದಿವೆ, ಇದೇ ನನ್ನ ಕೊನೆಯ ಕಟ್ಟಡ. ಓಹಾಯೋದ ನದಿ ತಿರುವಿನಲ್ಲಿರುವ ಈ ಹ್ಯಾಲ್‌ಸ್ಟನ್ ಊರಲ್ಲಿ ನನ್ನ ಅಜ್ಜ ಉಕ್ಕು ಕಾಯಿಸಿದ, ಅಪ್ಪ ಉಕ್ಕು ಎಳೆದ, ನಾನು ಉಕ್ಕು ಏರಿಸಿದೆ. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ನಡುಪೇಟೆಯಲ್ಲಿ ಉಳಿದದ್ದು ನಗರಸಭೆ, ಕೋರ್ಟು, ಕಾರು ನಿಲ್ಲಿಸುವ ಬಯಲುಗಳು, ಮತ್ತೆ ನಾಲ್ಕನೇ ಬೀದಿಯ ನೂರಾ ಹದಿನೆಂಟನೇ ನಂಬರಿನ ಇಟ್ಟಿಗೆ ಕಟ್ಟಡ. ಬಾಗಿಲ ಮೇಲೆ ಕೆಂಪಕ್ಷರದಲ್ಲಿ 'ಓಪಲ್ ಟಿಬ್ಸ್' ಎಂದು ಬರೆದಿತ್ತು. ಒಳಗೆ ಹನ್ನೆರಡು ಸ್ಟೂಲು, ಉದ್ದಕ್ಕೊಂದು ಕಟ್ಟೆ, ಅದರ ಹಿಂದೆ ಮಿಸ್ ಓಪಲ್. ಬೀನ್ಸ್ ಸೂಪು, ಮೀಟ್‌ಲೋಫು, ಮೆಕ್ಕೆಜೋಳದ ಬ್ರೆಡ್ಡು, ಶುಕ್ರವಾರ ಮೀನು. ಇಪ್ಪತ್ತೆಂಟು ವರ್ಷ ನಾನು ಕೊನೆಯ ಸ್ಟೂಲಿನಲ್ಲಿ ಕೂತು ತಿಂದಿದ್ದೇನೆ. ನನ್ನ ಮದುವೆ ಮುರಿದ ವರ್ಷ ದಿನಕ್ಕೆ ಎರಡು ಹೊತ್ತೂ ಅಲ್ಲೇ.

ಆ ಕೊನೆಯ ಸ್ಟೂಲಿನ ಎದುರಿಗೇ, ಕಾಫಿ ಕಾಯುವ ಪಾತ್ರೆಯ ಹಿಂದೆ, ಗೋಡೆಯಲ್ಲಿ ಒಂದು ಬಿರುಕು ಇತ್ತು. ನೆಲದಿಂದ ನೆಟ್ಟಗೆ ತಲೆ ಮಟ್ಟಕ್ಕಿಂತ ಮೇಲೆ ಹೋಗಿ, ಅಲ್ಲಿಂದ ಅಡ್ಡಕ್ಕೆ ತಿರುಗಿ, ಕಪಾಟಿನ ಹಿಂದೆ ಮಾಯವಾಗುತ್ತಿತ್ತು. ಪ್ರತಿ ಚಳಿಗಾಲಕ್ಕೂ ಅದು ಕೊಂಚ ಬಾಯಿ ಬಿಡುತ್ತಿತ್ತು. ಮಿಸ್ ಓಪಲ್ ಅದರ ಮೇಲೆ ಹೊಸ ವರ್ಷದ ಕ್ಯಾಲೆಂಡರು ಹೊಡೆಯುತ್ತಿದ್ದರು.

"ಈ ಗೋಡೆ ಒಂದಿನ ನನ್ನ ಸೂಪಿಗೆ ಬೀಳುತ್ತೆ ನೋಡಿ ಮಿಸ್ ಓಪಲ್" ಎಂದು ನಾನು ಕೆಣಕುತ್ತಿದ್ದೆ.

"ಬೀಳ್ಲಿ ಬಿಡು. ದಿನಾ ಉಪ್ಪು ಕಮ್ಮಿ ಅಂತೀಯಲ್ಲ, ಗಾರೆ ಬಿದ್ರೆ ಸರಿಹೋಗುತ್ತೆ" ಎನ್ನುತ್ತಿದ್ದರು ಅವರು.

ಇಪ್ಪತ್ತೆಂಟು ವರ್ಷ ಇದೇ ಮಾತು, ಇದೇ ನಗು. ಅದೇನು ಬಿರುಕು ಎಂದು ಮಾತ್ರ ನಾನು ಒಂದು ದಿನವೂ ಕೇಳಲಿಲ್ಲ. ಕಬ್ಬಿಣದವನಿಗೆ ಬಿರುಕು ಎಂದರೆ ಬಿರುಕು. ನಮ್ಮ ಬೀಮಿನಲ್ಲಿ ಕೂದಲೆಳೆಯಷ್ಟು ಕಂಡರೂ ಅದನ್ನು ಕೆಳಗಿಳಿಸಿ ಆಚೆ ಹಾಕುತ್ತೇವೆ. ಇಟ್ಟಿಗೆಯವರನ್ನು ಕಂಡರೆ ನಮಗೆ ಮೊದಲಿಂದಲೂ ಅಸಡ್ಡೆ. ಮಣ್ಣು ಜೋಡಿಸುವವರು ಎಂದು ಆಡಿಕೊಳ್ಳುತ್ತೇವೆ. ಹಾಗಾಗಿ ಗೋಡೆಯ ವಿಷಯ ಇಟ್ಟಿಗೆಯವನೊಬ್ಬನನ್ನು ಕೇಳಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೂರು ವರ್ಷದ ಹಿಂದೆ ಆ ಇಡೀ ಸಾಲನ್ನು ಕೆಡವಿ ಹನ್ನೊಂದು ಅಂತಸ್ತಿನ ಕಟ್ಟಡ ಎಬ್ಬಿಸುತ್ತೇವೆ ಎಂದು ಹೊರಗಿನ ಕಂಪನಿಯೊಂದು ಬಂತು. ಉಳಿದವರೆಲ್ಲ ಮಾರಿದರು. ಮಿಸ್ ಓಪಲ್ ಒಲ್ಲೆ ಎಂದರು. ಸರಿ, ಆ ಸಾಲು ಶಿಥಿಲವಾಗಿದೆ ಎಂದು ನಗರಸಭೆ ಘೋಷಿಸಿದರೆ ಒಪ್ಪಿಗೆ ಇಲ್ಲದೆಯೂ ಜಾಗ ತೆಗೆದುಕೊಳ್ಳಬಹುದಿತ್ತು. ಅದಕ್ಕೊಂದು ಬಹಿರಂಗ ಸಭೆ ಕರೆದರು.

ನಮ್ಮ ಕಾರ್ಮಿಕ ಸಂಘದಲ್ಲಿ ಆಗ ಅರ್ಧಕ್ಕರ್ಧ ಜನಕ್ಕೆ ಕೆಲಸವಿರಲಿಲ್ಲ. ನಾನೇ ಮೂರು ಗಂಟೆ ಕಾರು ಓಡಿಸಿಕೊಂಡು ಪಕ್ಕದ ರಾಜ್ಯಕ್ಕೆ ಹೋಗಿ ವಾರವಿಡೀ ಮೋಟೆಲಿನಲ್ಲಿ ಮಲಗುತ್ತಿದ್ದೆ. ಸಂಘದ ಮುಖಂಡ ಗಸ್ ಲಾಂಬ್ರೋಸ್ ನಲವತ್ತು ಜನರನ್ನು ಸೇರಿಸಿದ. ಎಲ್ಲರೂ ಕಿತ್ತಳೆ ಜಾಕೆಟ್ ಹಾಕಿಕೊಂಡು ಸಭೆಯಲ್ಲಿ ಕೂರಬೇಕು, ಹತ್ತು ಜನ ಮಾತಾಡಬೇಕು ಎಂದು ತೀರ್ಮಾನವಾಯಿತು.

"ಎಮಿಲ್, ನೀನು ಗೋಡೆ ವಿಷ್ಯ ಹೇಳು. ದಿನಾ ಅದರ ಎದುರಿಗೇ ಕೂತು ತಿನ್ನೋನು ನೀನು. ನಿನ್ನ ಮಾತು ತೂಕ ಬರುತ್ತೆ" ಎಂದ ಗಸ್.

"ಆಯಮ್ಮಂಗೆ ಬೇಜಾರಾಗಲ್ವೇನೋ?"

"ಹೊಸ ಕಟ್ಟಡದಲ್ಲಿ ಕೆಳಗಡೆ ಅಂಗಡಿ ಕೊಡ್ತಾರಂತೆ ಕಣೋ. ಎಪ್ಪತ್ತು ವರ್ಷ ಆಯ್ತು ಅವರಿಗೆ, ಎಷ್ಟು ದಿನ ಅಂತ ಪಾತ್ರೆ ಉಜ್ತಾರೆ? ನೀನು ಒಳ್ಳೇದೇ ಮಾಡ್ತಿರೋದು."

ಕೊಡುತ್ತಾರಂತೆ. ಆ 'ಅಂತೆ'ಯನ್ನು ನಾನು ಗಂಟುಕಟ್ಟಿಕೊಂಡು ಬಂದೆ, ಯಾಕೆಂದರೆ ನನಗೆ ಅದು ಬೇಕಿತ್ತು.

ಸಭೆ ಸಂಜೆ ಆರಕ್ಕೆ. ಸಭೆ ಮುಗಿಯುವುದು ಎಷ್ಟು ಹೊತ್ತೋ, ಹೊಟ್ಟೆ ತುಂಬಿಸಿಕೊಂಡೇ ಹೋಗೋಣ ಎಂದ ಗಸ್. ನಡುಪೇಟೆಯಲ್ಲಿ ಊಟ ಸಿಗುವುದು ಒಂದೇ ಕಡೆ. ಮಿಸ್ ಓಪಲ್ ಮಧ್ಯಾಹ್ನ ಮೂರಕ್ಕೆ ಬಾಗಿಲು ಹಾಕುತ್ತಿದ್ದರು. "ಇವತ್ತೊಂದಿನ ತೆಗೆದಿರಿ, ನಲವತ್ತು ಜನ ಬರ್ತೀವಿ" ಎಂದು ಕೇಳಿದವನು ನಾನೇ. ಜಾಕೆಟ್ಟುಗಳನ್ನು ಗಾಡಿಯಲ್ಲೇ ಬಿಟ್ಟು ಹೋದೆವು.

ಅವರು ಅವತ್ತು ಹಬ್ಬದ ಮನೆಯ ಸಡಗರದಲ್ಲಿದ್ದರು. ಸ್ಟೂಲು ಸಾಲದೆ ಅರ್ಧ ಜನ ನಿಂತುಕೊಂಡೇ ತಿಂದರು. ಎಲ್ಲರಿಗೂ ಎರಡನೇ ಸಲ ಬಡಿಸಿದರು. ಕೊನೆಗೆ ಪೀಚ್ ಹಣ್ಣಿನ ಸಿಹಿ ಪೈ ತಂದಿಟ್ಟು, ಇದಕ್ಕೆ ದುಡ್ಡು ಬೇಡ ಎಂದರು.

"ಚೆನ್ನಾಗಿ ತಿನ್ರೋ ಮಕ್ಳಾ. ಹೊಟ್ಟೆ ತುಂಬಿದ್ರೆ ಅಲ್ಲಿ ಮಾತು ಗಟ್ಟಿಯಾಗಿ ಬರುತ್ತೆ" ಎಂದು ನನ್ನ ಭುಜ ತಟ್ಟಿದರು.

ನಾವು ಅವರ ಪರವಾಗಿ ಮಾತಾಡಲು ಹೊರಟಿದ್ದೇವೆ ಎಂದುಕೊಂಡಿದ್ದರು. ನನಗೆ ಆ ಕ್ಷಣವೇ ಅರ್ಥವಾಯಿತು. ಗಸ್‌ಗೂ ಅರ್ಥವಾಯಿತು, ಅವನು ತಟ್ಟೆ ನೋಡಿದ. ಅಲ್ಲೇ ಹೇಳಿಬಿಡಬಹುದಿತ್ತು. ಬಾಯಲ್ಲಿ ಪೈ ಇತ್ತು. ನುಂಗಿದೆ, ಥ್ಯಾಂಕ್ಸ್ ಎಂದೆ, ಎದ್ದು ಹೋದೆ.

ಸಭೆಯಲ್ಲಿ ಮಾತಾಡುವವರು ಆರು ಗಂಟೆಯೊಳಗೆ ಹೆಸರು, ವಿಳಾಸ, ವಿಷಯ ಬರೆದ ಚೀಟಿ ಕೊಡಬೇಕು. ಒಬ್ಬೊಬ್ಬರಿಗೆ ಮೂರು ನಿಮಿಷ. ಎದುರಿಗೆ ದೀಪ ಉರಿಯುತ್ತದೆ: ಹಸಿರು, ಹಳದಿ, ಕೆಂಪು. ನಾನು ಗೋಡೆಯ ಬಿರುಕಿನ ವಿಷಯ ಹೇಳಿದೆ. ಸದಸ್ಯರೊಬ್ಬರು, "ಮೂವತ್ತೈದು ವರ್ಷ ಕಟ್ಟಡದ ಕೆಲಸ ಮಾಡಿದೋರು ನೀವು. ಆ ಗೋಡೆ ನಿಲ್ಲುತ್ತಾ?" ಎಂದು ಕೇಳಿದರು.

"ನಿಲ್ಲಲ್ಲ ಸಾರ್" ಎಂದೆ. ಅಷ್ಟಕ್ಕೆ ಸುಮ್ಮನಿರಬಾರದೇ? ಹಳದಿ ದೀಪ ಹತ್ತಿತ್ತು, ಇನ್ನೂ ಸಮಯವಿತ್ತು. "ಮಿಸ್ ಓಪಲ್‌ಗೂ ಸಾಕಾಗಿದೆ. ಬಾಯ್ಬಿಟ್ಟು ಹೇಳಲ್ಲ ಅಷ್ಟೇ. ನಂಗೊತ್ತು" ಎಂದು ಸೇರಿಸಿದೆ.

ತಿರುಗಿದಾಗ ಅವರು ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಏಪ್ರನ್ನು ಬಿಚ್ಚಿರಲಿಲ್ಲ, ಕೈ ಒದ್ದೆ. ಕೈಯಲ್ಲಿ ಏನೋ ಕಾಗದ. ಗುಮಾಸ್ತೆಯ ಹತ್ತಿರ ಹೋಗಿ ಅದನ್ನು ಚಾಚಿದರು, ಆಕೆ ಗಡಿಯಾರ ತೋರಿಸಿ ಆಗದು ಎಂದು ತಲೆಯಾಡಿಸಿದಳು. ಮಿಸ್ ಓಪಲ್ ಜಗಳ ಮಾಡಲಿಲ್ಲ. ನನ್ನ ಪಕ್ಕದಲ್ಲೇ ಹಾದು ಹೊರಟರು, ನನ್ನ ಕಡೆ ನೋಡಲಿಲ್ಲ. ಏನೂ ಹೇಳಲಿಲ್ಲವಲ್ಲ, ಒಳಗೊಳಗೇ ಒಪ್ಪಿಗೆ ಇರಬೇಕು ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಐದು ಮತ ಪರ, ನಾಲ್ಕು ವಿರೋಧ.

ಕೆಡವುವ ದಿನ ನಾನು ಬೇಲಿಯಾಚೆ ನಿಂತಿದ್ದೆ. ಕೆಡವುವ ಯಂತ್ರ ಓಡಿಸುತ್ತಿದ್ದವನು ಆರ್ವಿಲ್ ಎಂಬ ಮುದುಕ. ಅವನ ಅಪ್ಪ ಇಟ್ಟಿಗೆ ಕೆಲಸದವನು. ಉಳಿದ ಮೂರು ಗೋಡೆ ಬೆಳಗ್ಗೆಯೇ ಮಲಗಿದವು. ಬಿರುಕಿನ ಆ ನಾಲ್ಕನೆಯದು ಮಾತ್ರ ಮಧ್ಯಾಹ್ನವಾದರೂ ಜಗ್ಗಲಿಲ್ಲ. ಆರ್ವಿಲ್ ಇಳಿದು ಬಂದು ಟೋಪಿ ತೆಗೆದು ಬೆವರೊರೆಸಿಕೊಂಡ.

"ಇದನ್ನ ಬೀಳೋ ಗೋಡೆ ಅಂದ ಬೇಕೂಫ ಯಾವನಯ್ಯ? ಇನ್ನೂ ನೂರು ವರ್ಷ ನಿಲ್ಲೋದು."

"ಬಿರುಕಿತ್ತಲ್ಲ" ಎಂದೆ.

"ಬಿರುಕಾ? ಕಣ್ಣು ಬಿಟ್ಟು ನೋಡು."

ಗಾರೆಯೆಲ್ಲ ಉದುರಿ ಇಟ್ಟಿಗೆ ಕಾಣುತ್ತಿತ್ತು. ನೆಟ್ಟಗೆ ಮೇಲೆ, ಅಡ್ಡಕ್ಕೆ, ಮತ್ತೆ ನೆಟ್ಟಗೆ ಕೆಳಗೆ. ಕಪಾಟು ಮುಚ್ಚಿದ್ದ ಭಾಗವೂ ಈಗ ಬಯಲಾಗಿತ್ತು. ಅದೊಂದು ಬಾಗಿಲು. ಯಾವ ಕಾಲದಲ್ಲೋ ಇಟ್ಟಿಗೆ ತುಂಬಿ ಮುಚ್ಚಿದ ಬಾಗಿಲು. ಹಳೇ ಇಟ್ಟಿಗೆಗೂ ಹೊಸ ಇಟ್ಟಿಗೆಗೂ ಸೇರುವಲ್ಲಿ ಚಳಿಗೆ ಗಾರೆ ಬಿಟ್ಟುಕೊಳ್ಳುತ್ತಿತ್ತು, ಅಷ್ಟೆ. ಇಟ್ಟಿಗೆ ಹಿಡಿದ ಯಾವನಾದರೂ ಒಂದು ನೋಟಕ್ಕೆ ಹೇಳುತ್ತಿದ್ದ. ಬೇಲಿ ಹಿಡಿದುಕೊಂಡು ನೋಡಿದೆ.

ಅದೇ ಜಾಗದಲ್ಲಿ ಹದಿನಾಲ್ಕು ತಿಂಗಳು ದುಡಿದೆ. ಮನೆಯಲ್ಲೇ ಮಲಗಿದೆ, ಬೆಚ್ಚಗಿನ ಕಾಫಿ ಕುಡಿದು ಕೆಲಸಕ್ಕೆ ಹೋದೆ. ಕೆಳಗಿನ ಅಂಗಡಿಗಳ ನಕ್ಷೆ ಬಂದಾಗ ನೋಡಿದೆ: ಒಂದು ಬ್ಯಾಂಕು, ಒಂದು ಜಿಮ್ಮು, ಒಂದು ಕಾಫಿ ಅಂಗಡಿ, ಅದೂ ದೊಡ್ಡ ಕಂಪನಿಯದು. ಮಿಸ್ ಓಪಲ್‌ಗೆ ಅಂಗಡಿ ಕೊಡುತ್ತೇವೆ ಎಂದು ಯಾರೂ ಯಾವತ್ತೂ ಬರೆದುಕೊಟ್ಟಿರಲಿಲ್ಲ. ಇಷ್ಟಾದರೂ ಅವರನ್ನು ಹೋಗಿ ಕಾಣುವ ಧೈರ್ಯ ನನಗೆ ಬರಲಿಲ್ಲ. ಕೊನೆಯ ಬೀಮಿಗೆ ಬಿಳಿ ಬಳಿದ ಗುರುವಾರ ಪೆನ್ನೊಂದನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಅವರ ಹೆಸರು ಆ ಬೀಮಿನ ಮೇಲಿರಬೇಕು, ಅವರ ಕೈಬರಹದಲ್ಲೇ. ಅದಕ್ಕೆ ಮುಂಚೆ ನಾನು ತಪ್ಪಾಯಿತು ಅನ್ನಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಗುರುವಾರ ಅವರು ಪೂರ್ವದ ದಿಣ್ಣೆಯ ಮೇಲಿನ ಚರ್ಚಿನ ಅಡುಗೆಮನೆಯಲ್ಲಿ ಇಲ್ಲದವರಿಗೆ ಊಟ ಬೇಯಿಸುತ್ತಾರೆ ಎಂದು ಕೇಳಿದ್ದೆ. ಒಬ್ಬರೇ ಇದ್ದರು, ಈರುಳ್ಳಿ ಹೆಚ್ಚುತ್ತಿದ್ದರು. ನನ್ನನ್ನು ಕಂಡು ಚಾಕು ನಿಲ್ಲಿಸಿದರು, ಮತ್ತೆ ಹೆಚ್ಚತೊಡಗಿದರು.

"ದಪ್ಪ ಆಗಿದ್ದೀಯ" ಎಂದರು.

"ಮಿಸ್ ಓಪಲ್, ನಿಮ್ಮ ಹತ್ರ ಒಂಚೂರು ಮಾತಾಡ್ಬೇಕಿತ್ತು."

ಅವರು ಒಲೆ ಪಕ್ಕದಲ್ಲಿದ್ದ ಮೊಟ್ಟೆ ಬೇಯಿಸುವ ಪುಟ್ಟ ಗಡಿಯಾರ ತೆಗೆದು ತಿರುಗಿಸಿ ಎದುರಿಗಿಟ್ಟರು. ಅದು ಟಿಕ್ ಟಿಕ್ ಎನ್ನತೊಡಗಿತು.

"ಮೂರು ನಿಮಿಷ. ನಿನ್ನ ಹೆಸರು, ವಿಳಾಸ ನಂಗೊತ್ತಿದೆ. ಶುರು ಮಾಡು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶುರು ಮಾಡಿದೆ. ಕೆಲಸ ಇರಲಿಲ್ಲ ಎಂದೆ. ಮೋಟೆಲಿನ ಹಾಸಿಗೆ, ಮಂಡಿ ನೋವು, ಗಸ್ ಹೇಳಿದ್ದು, ಅಂಗಡಿ ಕೊಡುತ್ತಾರೆ ಅಂದಿದ್ದು, ಎಲ್ಲ ಹೇಳಿದೆ. ಆರ್ವಿಲ್ ತೋರಿಸಿದ ಬಾಗಿಲಿಗೆ ಬಂದೆ. "ಅದು ಬಾಗಿಲು ಅಂತ ನಂಗೆ ಗೊತ್ತಿರ್ಲಿಲ್ಲ ಮಿಸ್ ಓಪಲ್, ನಾನು..." ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು. ಕ್ಷಮಿಸಿ ಎಂಬ ಮಾತು ಇನ್ನೂ ಬಂದೇ ಇರಲಿಲ್ಲ. ನನ್ನ ಮೂರು ನಿಮಿಷವನ್ನೆಲ್ಲ ನನ್ನ ಬಗ್ಗೆಯೇ ಕಳೆದಿದ್ದೆ.

"ಟೈಮಾಯ್ತು. ಕೂತ್ಕೋ" ಎಂದರು.

ಕೂತೆ. ಅವರು ಈರುಳ್ಳಿಯನ್ನು ಪಾತ್ರೆಗೆ ಸುರಿದು ಕೈ ತೊಳೆದುಕೊಂಡರು.

"ಆ ಬಾಗಿಲಾಚೆ ಮುಂಚೆ ಹೋಟ್ಲು ಇತ್ತು. ಬಿಳಿಯೋರ ಹೋಟ್ಲು, ನಮ್ಮಂಥ ಕರಿಯೋರಿಗೆ ಒಳಗೆ ಜಾಗ ಇಲ್ಲ. ನಮ್ಮತ್ತೆ ಈಚೆ ಅಡುಗೆ ಮಾಡೋದು, ತಟ್ಟೆ ಆ ಬಾಗಿಲಿಂದ ಆಚೆ ಹೋಗೋದು. ಹದಿನಾರು ವರ್ಷ. ತಟ್ಟೆ ಹೋಗ್ಬಹುದಿತ್ತು, ಆಯಮ್ಮ ಹೋಗೋ ಹಾಗಿರ್ಲಿಲ್ಲ. ಕಟ್ಟಡ ತಾನೇ ಕೊಂಡ್ಕೊಂಡ ದಿನ ತಮ್ಮನ್ನ ಕರೆಸಿ ಆ ಬಾಗಿಲಿಗೆ ಇಟ್ಟಿಗೆ ತುಂಬ್ಸಿದ್ಲು. ಊಟ ಬೇಕಾದೋರು ಇನ್ಮೇಲೆ ಬೀದಿ ಬಾಗಿಲಿಂದ ಬಂದು ನನ್ನೆದುರು ಕೂತ್ಕೊಂಡು ತಿನ್ಲಿ ಅಂದ್ಲು. ಅವಳ ತಮ್ಮ ಇಟ್ಟಿಗೇನ ಎರಡು ಪದರ ಕಟ್ಟಿದ್ದ."

"ನನಗೆ ಒಂದು ದಿನಾನೂ ಹೇಳ್ಲಿಲ್ಲ ನೀವು."

"ನೀನು ಒಂದು ದಿನಾನೂ ಕೇಳ್ಲಿಲ್ಲ."

ಕಪಾಟಿನಿಂದ ಅಡುಗೆ ಚೀಟಿಗಳ ಡಬ್ಬಿ ತೆಗೆದು, ಅದರಲ್ಲಿ ಹುಡುಕಿ ಒಂದು ಹಳದಿ ಚೀಟಿಯನ್ನು ನನ್ನ ಮುಂದಿಟ್ಟರು. ನಗರಸಭೆಯ ಚೀಟಿ. ಹೆಸರು: ಓಪಲ್ ಟಿಬ್ಸ್. ವಿಳಾಸ: ನಾಲ್ಕನೇ ಬೀದಿ, 118. ವಿಷಯ: ನಮ್ಮ ಗೋಡೆಯಲ್ಲಿರುವ ಬಾಗಿಲು.

"ಗೋಡೆಗಳೆಲ್ಲ ಬಿರುಕು ಬಿಟ್ಟಿವೆ ಅಂತ ಪೇಪರಲ್ಲಿ ಬಂದಿತ್ತಲ್ಲ. ಅದ್ಕೇ ಬೆಳಗ್ಗೇನೇ ಬರೆದಿಟ್ಟಿದ್ದೆ. ಐದೂವರೆಗೆ ಕೊಡ್ಬೇಕು ಅಂತಿದ್ದೆ. ನಲವತ್ತು ತಟ್ಟೆ ಬಿದ್ದಿತ್ತು, ಎಮಿಲ್. ಎಂಜಲು ತಟ್ಟೆ ಹಾಗೇ ಬಿಟ್ಟು ಬರೋ ಅಭ್ಯಾಸ ನಂಗಿಲ್ಲ. ನಮ್ಮ ಹುಡುಗ್ರು ಅಲ್ಲಿದ್ದಾರಲ್ಲ, ನಾನು ಬರೋವರ್ಗೂ ನೋಡ್ಕೋತಾರೆ ಅಂದ್ಕೊಂಡೆ."

ನನ್ನ ತಟ್ಟೆಯೂ ಅದರಲ್ಲಿತ್ತು. ತಪ್ಪಾಯ್ತು ಎಂದೆ. ಆ ಮಾತು ಬಹಳ ಸಣ್ಣದಾಗಿ ಕೇಳಿಸಿತು. ಅವರು ಹೂಂ ಎಂದರು.

ಪೆನ್ನು ತೆಗೆದು ಬೀಮಿನ ವಿಷಯ ಹೇಳಿದೆ. ನಡುವೆ ಜಾಗ ಇಟ್ಟಿದ್ದೇನೆ, ಶನಿವಾರ ಹತ್ತು ಗಂಟೆಗೆ ಏರಿಸುತ್ತೇವೆ, ಅಷ್ಟರೊಳಗೆ ಬಂದು ಬರೆಯಿರಿ ಎಂದೆ.

"ಬರೆದ್ರೆ ಬೀದೀಲಿ ಹೋಗೋರಿಗೆ ಕಾಣುತ್ತಾ?"

"ಇಲ್ಲ. ಮೇಲೆ ಗಾರೆ ಹೊಡೀತಾರೆ."

"ನನ್ನ ಅಂಗಡಿ ಬಾಗಿಲ ಮೇಲೆ ಇದ್ದಾಗ ಕಾಣ್ತಿತ್ತು" ಎಂದು ಪಾತ್ರೆಯ ಮುಚ್ಚಳ ತೆಗೆದು ಕೈಯಾಡಿಸಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಒಂದು ಬಟ್ಟಲು ಸೂಪು ಹಾಕಿ ಕೊಟ್ಟರು. ತಿಂದೆ. ಉಪ್ಪು ಕಮ್ಮಿ ಇತ್ತು, ಹಾಗೆಂದು ಹೇಳುವ ಹಕ್ಕು ನನಗೆ ಉಳಿದಿರಲಿಲ್ಲ. ತಟ್ಟೆ ಬಟ್ಟಲು ನಾನೇ ತೊಳೆದಿಟ್ಟು ಬಂದೆ.

ಶುಕ್ರವಾರವೆಲ್ಲ ಕಾದೆ. ಶನಿವಾರ ಬೆಳಗ್ಗೆ ಬೀದಿ ತುಂಬ ಜನ. ಬೀಮು ಎರಡೂ ಬದಿ ಹೆಸರುಗಳಿಂದ ತುಂಬಿತ್ತು, ನಡುವಿನ ಒಂದು ಗೇಣು ಬಿಟ್ಟು. ಒಂಬತ್ತೂ ಮುಕ್ಕಾಲಿಗೆ ಎದುರಿನ ನಿಲ್ದಾಣದಲ್ಲಿ ಬಸ್ಸು ನಿಂತಿತು. ಮಿಸ್ ಓಪಲ್ ಇಳಿದರು. ಭಾನುವಾರದ ಟೋಪಿ ಹಾಕಿಕೊಂಡಿದ್ದರು. ಪೆನ್ನು ಎತ್ತಿ ತೋರಿಸಿದೆ. ಅವರು ನನ್ನನ್ನು ನೋಡಿದರು, ಬೀಮನ್ನು ನೋಡಿದರು, ಕತ್ತೆತ್ತಿ ಇಡೀ ಕಟ್ಟಡವನ್ನು ನೋಡಿದರು. ಆಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ನಿಲ್ದಾಣದ ಬೆಂಚಿನ ಮೇಲೆ ಕೂತುಬಿಟ್ಟರು. ಬೀದಿ ದಾಟಲಿಲ್ಲ.

"ಹತ್ತಾಯ್ತು ಎಮಿಲ್, ಕ್ರೇನಿನೋನು ಬೈತಿದ್ದಾನೆ" ಎಂದ ಗಸ್. ನಾನು ನೋಡುತ್ತಿದ್ದ ಕಡೆ ಅವನೂ ನೋಡಿದ. "ಬರಲ್ಲ ಕಣೋ ಅವರು. ನೀನೇ ಬರೆದ್ಬಿಡು. ಮೇಲೆ ಹೋದ್ಮೇಲೆ ಬರಿ ಬೇಕಾದ್ರೆ. ಯಾರಿಗೆ ಗೊತ್ತಾಗುತ್ತೆ?"

ಮೇಲೆ ಹತ್ತಿದೆ. ಬೀಮು ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತ ಬಂತು. ಪೈನ್ ಗಿಡ ಒಂದು ಕಡೆ, ಬಾವುಟ ಒಂದು ಕಡೆ. ಕೈಯಲ್ಲಿ ಹಿಡಿದು ಕಂಬದ ತೂತಿಗೆ ಕೂಡಿಸಿ ಬೋಲ್ಟು ಹಾಕಿದೆ. ಕೆಳಗೆ ಚಪ್ಪಾಳೆ. ಬೀಮಿನ ಮೇಲೆ ಸರಿದು ನಡುವಿಗೆ ಬಂದು ಕೂತೆ. ಬಿಳಿ ಜಾಗ ನನ್ನ ತೊಡೆಯ ಪಕ್ಕದಲ್ಲೇ ಇತ್ತು. ಪೆನ್ನು ಜೇಬಿನಲ್ಲಿತ್ತು. ಓಪಲ್ ಟಿಬ್ಸ್ ಎಂದು ಬರೆಯಲು ಎಷ್ಟು ಹೊತ್ತು? ಅವರ ಹೆಸರು ಈ ಊರ ಮೇಲೆ ಎಲ್ಲಾದರೂ ಇದ್ದರೆ ನನಗಾದರೂ ನಿದ್ದೆ ಬಂದೀತು.

ಕೆಳಗೆ ನೋಡಿದೆ. ಬಸ್ಸು ಬಂದು ನಿಂತಿತ್ತು. ಟೋಪಿ ಒಳಗೆ ಹೋಯಿತು. ಬಸ್ಸು ಪೂರ್ವಕ್ಕೆ ತಿರುಗಿ ಹೋಯಿತು.

ಪೆನ್ನು ತೆಗೆಯಲಿಲ್ಲ. ಅವರನ್ನು ಕೇಳದೆ ಅವರ ಪರವಾಗಿ ಒಂದು ಸಲ ಮಾತಾಡಿದ್ದೆ, ಅದೇ ಸಾಕಿತ್ತು. ಆ ಜಾಗವನ್ನು ಹಾಗೇ ಬಿಟ್ಟು, ಇನ್ನೊಂದು ತುದಿಗೆ ಹೋಗಿ ಉಳಿದ ಬೋಲ್ಟು ಬಿಗಿದೆ.